ಹರಳಿನ ಲೆಕ್ಕ, ಕಿವಿಯ ಲೆಕ್ಕ

ಒಂದು ಕಾರಿನ ಬೆಲೆಗೆ ಒಂದು ಗಡಿಯಾರ. ಅದಕ್ಕೆ ಮುಳ್ಳಿಲ್ಲ, ಗಂಟೆ ಎಷ್ಟಾಯಿತೆಂದು ಅದು ಹೇಳುವುದೂ ಇಲ್ಲ. ಸೆಕೆಂಡಿಗೆ ಒಂದು ಕೋಟಿ ಸಲ ಏರಿಳಿಯುವ ವಿದ್ಯುತ್ ಅಲೆಯೊಂದನ್ನು ಬೆನ್ನಿನ ಕನೆಕ್ಟರಿನಿಂದ ಹೊರಬಿಡುವುದಷ್ಟೇ ಅದರ ಕೆಲಸ. ಮನೆಯಲ್ಲಿ ಕೂತು ಸಂಗೀತ ಕೇಳುವುದಕ್ಕೆ ಲಕ್ಷಗಟ್ಟಲೆ ಖರ್ಚು ಮಾಡುವವರ ನಡುವೆ ಈ ಪೆಟ್ಟಿಗೆಗೆ ಈಗ ದೊಡ್ಡ ಮರ್ಯಾದೆ. ಹಾಡಿನ ಡಿಜಿಟಲ್ ಅಂಕಿಗಳನ್ನು ಮತ್ತೆ ವಿದ್ಯುತ್ ಅಲೆಯಾಗಿ ಬದಲಿಸುವ ಸಾಧನವೇ ಡ್ಯಾಕ್. ಆ ಡ್ಯಾಕ್‌ಗೆ ಹೊರಗಿನಿಂದ ತಾಳ ಹಾಕಿಕೊಡಲು ಈ ಗಡಿಯಾರ.

ಬೆಂಗಳೂರಿನ ಯಲಹಂಕ ನ್ಯೂಟೌನಿನಲ್ಲಿ, ಹೆಬ್ಬಾಳದ ಅಪಾರ್ಟ್‌ಮೆಂಟುಗಳಲ್ಲಿ, ಆರ್‌.ಟಿ. ನಗರದ ಹಳೆಯ ಮನೆಗಳ ಮಹಡಿಯಲ್ಲಿ ಇಂಥ ಸಂಗೀತದ ಕೋಣೆ ಮಾಡಿಕೊಂಡವರು ಹಲವರಿದ್ದಾರೆ. ಸಂಬಳದಲ್ಲಿ ವರ್ಷಗಟ್ಟಲೆ ಉಳಿಸಿ, ಒಂದೊಂದೇ ಸಾಧನ ತಂದು ಜೋಡಿಸಿದವರು. ಅವರ ಸಂಗೀತಪ್ರೀತಿ ಅಪ್ಪಟವಾದದ್ದು. ಅಂಥವರು ಕೇಳುವ ಪ್ರಶ್ನೆ ಒಂದೇ: ಇನ್ನೂ ದೊಡ್ಡ ಡ್ಯಾಕ್ ತರಲೇ, ಜೊತೆಗೆ ಕ್ಲಾಕ್ ಹಾಕಿಸಲೇ? ಪ್ರಶ್ನೆಗೆ ಉತ್ತರವಿದೆ. ಅದನ್ನು ಲೆಕ್ಕ ಹಾಕಿಯೇ ಹೇಳಬಹುದು.

ಕಾಲವನ್ನು ಅಳೆಯುವ ಕಸುಬು ಬೆಂಗಳೂರಿನ ಈ ಭಾಗಕ್ಕೆ ಹೊಸದೇನಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆ ಶುರುವಾದದ್ದು ಜಾಲಹಳ್ಳಿಯಲ್ಲಿ. ಮೊದಲು ಕೀಲಿ ಕೊಡುವ ವಾಚು, ಆಮೇಲೆ ಕ್ವಾರ್ಟ್ಸ್ ವಾಚು. ಅದೇ ಜಾಲಹಳ್ಳಿಯಲ್ಲಿ, 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ವಾಲ್ವು, ಟ್ರಾನ್ಸಿಸ್ಟರು, ಕ್ವಾರ್ಟ್ಸ್ ಹರಳುಗಳನ್ನು ತಯಾರಿಸಿತು; ಆಕಾಶವಾಣಿಗೆ ಟ್ರಾನ್ಸ್‌ಮಿಟರುಗಳನ್ನು ಕಟ್ಟಿಕೊಟ್ಟಿತು. ಬಿಇಎಲ್ ಟ್ರಾನ್ಸಿಸ್ಟರು ಹಾಕಿ, ಎಸ್‌.ಪಿ. ರಸ್ತೆಯಲ್ಲಿ ಉಳಿದ ಬಿಡಿಭಾಗ ಹುಡುಕಿ, ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟಿದ ಒಂದು ತಲೆಮಾರು ಈ ಊರಿನಲ್ಲಿದೆ. ಯಲಹಂಕದಲ್ಲಿ ಆಕಾಶವಾಣಿಯ 500 ಕಿಲೋವಾಟಿನ ಶಾರ್ಟ್‌ವೇವ್ ಟ್ರಾನ್ಸ್‌ಮಿಟರುಗಳು ಬಂದವು. ಯಶವಂತಪುರ ದಾಟಿ ಪೀಣ್ಯಕ್ಕೆ ಹೋದರೆ ಇಸ್ರೋದ ಇಸ್ಟ್ರಾಕ್ ಇದೆ. ಉಪಗ್ರಹಗಳ ಜಾಡು ಹಿಡಿಯುವ ಕೆಲಸಕ್ಕೆ ಸೆಕೆಂಡಿನ ಅತಿ ಸಣ್ಣ ಚೂರೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ನಿಖರವಾದ ಕಾಲ ಎಲ್ಲಿ ಬೇಕು, ಎಷ್ಟು ಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಇದಕ್ಕಿಂತ ತಕ್ಕ ಜಾಗ ಸಿಗಲಾರದು.

ಕ್ವಾರ್ಟ್ಸ್ ವಾಚಿನೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ. ಅದೇ ಸೆಕೆಂಡ್ ಮುಳ್ಳಿನ ಒಂದು ಹೆಜ್ಜೆ. ಇಂಥ ವಾಚು ತಿಂಗಳಿಗೆ ಹದಿನೈದು ಸೆಕೆಂಡ್ ಹಿಂದೆಮುಂದೆ ಆದರೆ, ತಪ್ಪು ಹತ್ತು ಲಕ್ಷಕ್ಕೆ ಸುಮಾರು ಆರು ಪಾಲು. ಡ್ಯಾಕ್‌ನೊಳಗೂ ಇದೇ ಜಾತಿಯ ಹರಳು ಇರುತ್ತದೆ, ಕಂಪನ ಮಾತ್ರ ಬಹಳ ವೇಗ. ತೀರಾ ಸಾಧಾರಣ ಡ್ಯಾಕ್‌ನ ಹರಳು ಹತ್ತು ಲಕ್ಷಕ್ಕೆ 50 ಪಾಲು ತಪ್ಪಿತೆಂದೇ ಇಟ್ಟುಕೊಳ್ಳೋಣ. ಒಂದು ಗಂಟೆಯ ಕಚೇರಿ 0.18 ಸೆಕೆಂಡ್ ಬೇಗ ಅಥವಾ ತಡವಾಗಿ ಮುಗಿಯುತ್ತದೆ. ಶ್ರುತಿಯ ಮಾತೇನು? ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರವನ್ನು ನೂರು ಪಾಲು ಮಾಡಿದರೆ, ಆಗುವ ವ್ಯತ್ಯಾಸ ಅಂಥ ಒಂದು ಪಾಲಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಪಳಗಿದ ವಿದ್ವಾಂಸರ ಕಿವಿಗೂ ಎರಡು ಮೂರು ಪಾಲಿಗಿಂತ ಸೂಕ್ಷ್ಮವಾದದ್ದನ್ನು ಹಿಡಿಯುವುದು ಕಷ್ಟ.

ಹಾಗಿದ್ದರೆ ದುಬಾರಿ ಹೊರಗಡಿಯಾರಗಳಲ್ಲಿ ಕೆಲವು ಬಳಸುವ ರುಬಿಡಿಯಂ ಪರಮಾಣು ಗಡಿಯಾರದ ಮಾತು ಸಂಗೀತದಲ್ಲಿ ಏಕೆ ಬಂತು? ಇಲ್ಲಿ ಎರಡು ಬೇರೆ ಬೇರೆ ಗುಣಗಳು ಒಂದೇ ಹೆಸರಿನಲ್ಲಿ ಬೆರೆತುಹೋಗಿವೆ. ಒಬ್ಬ ಮೃದಂಗ ವಿದ್ವಾಂಸರು ಪಲ್ಲವಿಯನ್ನು ಗಡಿಯಾರಕ್ಕಿಂತ ಕೂದಲೆಳೆಯಷ್ಟು ಚುರುಕಾಗಿ ನಡೆಸಬಹುದು, ಆದರೆ ಪೆಟ್ಟಿನಿಂದ ಪೆಟ್ಟಿಗೆ ಲಯ ಅಲುಗುವುದಿಲ್ಲ. ಇನ್ನೊಬ್ಬರು ಕಚೇರಿಯನ್ನು ಸರಿಯಾಗಿ ಎಂಟೂವರೆಗೇ ಮುಗಿಸುತ್ತಾರೆ, ನಡುವೆ ಒಂದೊಂದು ಪೆಟ್ಟೂ ಒಂದಿಷ್ಟು ಆಚೀಚೆ. ಕೇಳುಗನಿಗೆ ಬೇಕಾದದ್ದು ಮೊದಲನೆಯವರ ಲಯ. ರುಬಿಡಿಯಂ ಗಡಿಯಾರದ ಹೆಚ್ಚುಗಾರಿಕೆ ಇರುವುದು ಎರಡನೆಯ ಬಗೆಯ ನಿಖರತೆಯಲ್ಲಿ: ದಿನ, ತಿಂಗಳು, ವರ್ಷ ಕಳೆದರೂ ಸರಾಸರಿ ತಪ್ಪದಿರುವುದು. ಒಂದು ಸ್ಯಾಂಪಲ್‌ನಿಂದ, ಅಂದರೆ ಹಾಡಿನ ಒಂದು ಅಂಕಿಯಿಂದ, ಮುಂದಿನ ಸ್ಯಾಂಪಲ್‌ವರೆಗಿನ ಅಲುಗಾಟ ಬೇರೆಯೇ ವಿಷಯ. ಅದಕ್ಕೆ ಜಿಟ್ಟರ್ ಎನ್ನುತ್ತಾರೆ. ಜಿಟ್ಟರ್ ತಗ್ಗಿಸುವ ವಿಷಯದಲ್ಲಿ ಒಳ್ಳೆಯ ಕ್ವಾರ್ಟ್ಸ್ ಹರಳು ರುಬಿಡಿಯಮ್ಮಿಗೆ ಏನೂ ಕಡಿಮೆಯಿಲ್ಲ. ರುಬಿಡಿಯಂ ಪೆಟ್ಟಿಗೆಯೊಳಗಿನಿಂದ ನಿಜಕ್ಕೂ ಹೊರಬರುವುದು ಸಹ ಒಂದು ಕ್ವಾರ್ಟ್ಸ್ ಹರಳಿನ ಅಲೆಯೇ. ರುಬಿಡಿಯಂ ಪರಮಾಣುಗಳು ಅದನ್ನು ನಿಧಾನವಾಗಿ ತಿದ್ದುತ್ತಿರುತ್ತವೆ, ಅಷ್ಟೆ.

ಸ್ಥಾನ ಹೇಳುವ ಉಪಗ್ರಹಕ್ಕೆ ಇಂಥ ಪರಮಾಣು ಗಡಿಯಾರ ಬೇಕೇ ಬೇಕು. ನಮ್ಮ ನಾವಿಕ್ ವ್ಯವಸ್ಥೆಯಲ್ಲಿ ದೂರವನ್ನು ಅಳೆಯುವುದು ಬೆಳಕಿನ ವೇಗದಲ್ಲಿ ಸಾಗುವ ರೇಡಿಯೊ ಅಲೆಯ ಪಯಣದ ಕಾಲದಿಂದ. ಒಂದು ನ್ಯಾನೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಲ್ಲಿ, ಬೆಳಕು 30 ಸೆಂಟಿಮೀಟರ್ ಹೋಗುತ್ತದೆ. ಹತ್ತು ನ್ಯಾನೊಸೆಕೆಂಡ್ ತಪ್ಪಿದರೆ ಮೂರು ಮೀಟರ್ ತಪ್ಪಿತು. ಐಆರ್‌ಎನ್‌ಎಸ್‌ಎಸ್‌–1ಎ ಉಪಗ್ರಹದ ಮೂರೂ ಆಮದು ರುಬಿಡಿಯಂ ಗಡಿಯಾರಗಳು ಕೆಟ್ಟಾಗ ಅದು ಸ್ಥಾನ ಹೇಳುವ ಕೆಲಸಕ್ಕೆ ಬಾರದಾಯಿತು; 2018ರ ಏಪ್ರಿಲ್‌ನಲ್ಲಿ ಅದರ ಜಾಗಕ್ಕೆ ಇನ್ನೊಂದನ್ನು ಕಳಿಸಬೇಕಾಯಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್‌–01ರಲ್ಲಿ ಅಹಮದಾಬಾದಿನ ಇಸ್ರೋ ಕೇಂದ್ರ ರೂಪಿಸಿದ ಸ್ವದೇಶಿ ರುಬಿಡಿಯಂ ಗಡಿಯಾರ ಮೊದಲ ಸಲ ಬಾಹ್ಯಾಕಾಶಕ್ಕೆ ಹೋಯಿತು. ಅದು ಹೆಮ್ಮೆಯ ಸಾಧನೆ, ಅಲ್ಲಿ ಅದಕ್ಕೆ ಕೆಲಸವಿದೆ. ಆರ್‌.ಟಿ. ನಗರದ ಕೋಣೆಯಲ್ಲಿ ತೋಡಿ ರಾಗ ಕೇಳುವುದಕ್ಕೆ ಆ ಬಗೆಯ ನಿಖರತೆ ಏನನ್ನೂ ಕೂಡಿಸುವುದಿಲ್ಲ.

ಅಲುಗಾಟದ ಅಳತೆ

ಈಗ ಜಿಟ್ಟರ್‌ಗೆ ಬರೋಣ. ಇದು ನಿಜವಾದ ದೋಷ, ಕಟ್ಟುಕತೆಯಲ್ಲ. ಫಿಲಿಪ್ಸ್ ಮತ್ತು ಸೋನಿ ಸೇರಿ ರೂಪಿಸಿದ ಸಿ.ಡಿ. 1982ರಲ್ಲಿ ಮಾರುಕಟ್ಟೆಗೆ ಬಂತು. ಸೆಕೆಂಡಿಗೆ 44,100 ಸ್ಯಾಂಪಲ್, ಪ್ರತಿಯೊಂದೂ 16 ಬಿಟ್. 44,100 ಎಂಬ ಈ ವಿಚಿತ್ರ ಸಂಖ್ಯೆಯ ಮೂಲ ವಿಡಿಯೊ ಟೇಪು. ಆಗ ಇಷ್ಟು ಡಿಜಿಟಲ್ ಮಾಹಿತಿಯನ್ನು ತುಂಬಲು ಸಿಗುತ್ತಿದ್ದದ್ದು ಅದೊಂದೇ. ಒಂದು ಗೆರೆಗೆ ಮೂರು ಸ್ಯಾಂಪಲ್, 245 ಗೆರೆ, ಸೆಕೆಂಡಿಗೆ 60 ಫೀಲ್ಡ್: ಗುಣಿಸಿದರೆ 44,100. ನಮ್ಮ ದೂರದರ್ಶನದ ಪದ್ಧತಿಯಲ್ಲಿ ಅದೇ ಮೂರು ಸ್ಯಾಂಪಲ್, 294 ಗೆರೆ, 50 ಫೀಲ್ಡ್. ಗುಣಿಸಿದರೆ ಅದೇ ಸಂಖ್ಯೆ.

ಡ್ಯಾಕ್ ಈ ಸ್ಯಾಂಪಲ್‌ಗಳನ್ನು ಸಮಾನ ಅಂತರದಲ್ಲಿ ಹೊರಗಿಡಬೇಕು. ಅಂತರ ಅಲುಗಿದರೆ ಅಲೆಯ ಆಕಾರ ಕೆಡುತ್ತದೆ. ಅಲೆ ಎಷ್ಟು ಕಡಿದಾಗಿ ಏರುತ್ತದೋ ಅಷ್ಟು ಹೆಚ್ಚು ಕೆಡುತ್ತದೆ, ಆದ್ದರಿಂದ ಮೇಲಿನ ಸ್ವರಗಳಿಗೇ ಪೆಟ್ಟು ಜಾಸ್ತಿ. 20,000 ಹರ್ಟ್ಸ್‌ನ ಪೂರ್ಣ ಗಟ್ಟಿತನದ ನಾದವನ್ನು 16 ಬಿಟ್‌ನ ಗುಣಮಟ್ಟದಲ್ಲಿ ಕೊಡಲು ಅಲುಗಾಟ ಸುಮಾರು 0.1 ನ್ಯಾನೊಸೆಕೆಂಡಿನೊಳಗೆ ಇರಬೇಕು. ಯಾವ ಸಂಗೀತದಲ್ಲೂ ಆ ಎತ್ತರದಲ್ಲಿ ಅಷ್ಟು ಗಟ್ಟಿ ನಾದ ಇರುವುದಿಲ್ಲ. ಒಂದು ಸಾವಿರ ಹರ್ಟ್ಸ್‌ನಲ್ಲಾದರೆ ಪೂರ್ತಿ ಒಂದು ನ್ಯಾನೊಸೆಕೆಂಡ್ ಅಲುಗಿದರೂ ದೋಷ 104 ಡೆಸಿಬೆಲ್ ಕೆಳಗೆ ಉಳಿಯುತ್ತದೆ.

ಕಿವಿ ಇದನ್ನು ಹಿಡಿಯುವುದು ಯಾವಾಗ? 1998ರಲ್ಲಿ ಎರಿಕ್ ಬೆಂಜಮಿನ್ ಮತ್ತು ಬೆಂಜಮಿನ್ ಗ್ಯಾನನ್ ಇದನ್ನು ಪರೀಕ್ಷಿಸಿದರು. ಅತ್ಯಂತ ಅನುಕೂಲದ ಸ್ಥಿತಿಯಲ್ಲಿ, ಎತ್ತರದ ಶುದ್ಧ ನಾದ ಒಂದನ್ನೇ ಕೇಳಿಸಿದಾಗ, ಸುಮಾರು ಹತ್ತು ನ್ಯಾನೊಸೆಕೆಂಡಿನ ಅಲುಗಾಟ ಗೊತ್ತಾಯಿತು. ಸಂಗೀತ ಕೇಳಿಸಿದಾಗ ಅದರ ಹಲವು ಪಟ್ಟು ಬೇಕಾಯಿತು. 2005ರಲ್ಲಿ ಜಪಾನಿನ ಅಶಿಹರ ಮತ್ತು ಸಂಗಡಿಗರು ಸಂಗೀತಕ್ಕೆ ಯಾದೃಚ್ಛಿಕ ಜಿಟ್ಟರ್ ಬೆರೆಸಿ ಕೇಳಿಸಿದಾಗ, ಅದು ನೂರಾರು ನ್ಯಾನೊಸೆಕೆಂಡ್ ಮುಟ್ಟುವವರೆಗೆ ಕೇಳುಗರಿಗೆ ತಿಳಿಯಲಿಲ್ಲ. ಇಂದು ಹತ್ತು ಹದಿನೈದು ಸಾವಿರ ರೂಪಾಯಿಗೆ ಸಿಗುವ ಒಳ್ಳೆಯ ಡ್ಯಾಕ್‌ನ ಅಲುಗಾಟ ಒಂದು ನ್ಯಾನೊಸೆಕೆಂಡಿಗಿಂತ ಬಹಳ ಕಡಿಮೆ. ಕಿವಿಯ ಮಿತಿಗೂ ಯಂತ್ರದ ದೋಷಕ್ಕೂ ನಡುವೆ ನೂರು ಪಟ್ಟಿನ ಅಂತರ ಆಗಲೇ ಬಿದ್ದಿದೆ. ಅದನ್ನು ಸಾವಿರ ಪಟ್ಟು ಮಾಡಲು ಹತ್ತು ಲಕ್ಷ ಕೊಡುವುದು ಸಂಗೀತಕ್ಕೆ ಸಂದ ಹಣವಲ್ಲ.

ಹಿಂದೆ ಹೀಗಿರಲಿಲ್ಲ ಎಂಬುದನ್ನೂ ಹೇಳಬೇಕು. 1980ರ ದಶಕದ ಕೊನೆಯಲ್ಲಿ ಸಿ.ಡಿ. ಪ್ಲೇಯರ್ ಬೇರೆ, ಡ್ಯಾಕ್ ಬೇರೆ ಆದಾಗ, ಒಂದೇ ತಂತಿಯಲ್ಲಿ ಅಂಕಿಯೂ ತಾಳವೂ ಒಟ್ಟಿಗೆ ಬರುತ್ತಿದ್ದವು. ಬರುವ ಹಾದಿಯಲ್ಲಿ ತಾಳ ಕೆಡುತ್ತಿತ್ತು, ಡ್ಯಾಕ್ ಅದನ್ನೇ ನಂಬಬೇಕಿತ್ತು. ಜಿಟ್ಟರ್‌ನ ಕುಖ್ಯಾತಿ ಹುಟ್ಟಿದ್ದು ಆಗ, ಅದಕ್ಕೆ ಕಾರಣವೂ ಇತ್ತು. ಈಗಿನ ಯುಎಸ್‌ಬಿ ಡ್ಯಾಕ್‌ಗಳಲ್ಲಿ ಯಜಮಾನಿಕೆ ತಿರುಗಿಹೋಗಿದೆ. ಡ್ಯಾಕ್ ತನ್ನ ಹರಳಿನ ಲಯಕ್ಕೆ ತಕ್ಕಂತೆ ಕಂಪ್ಯೂಟರಿನಿಂದ ಅಂಕಿಗಳನ್ನು ತಾನೇ ಕೇಳಿ ತರಿಸಿಕೊಳ್ಳುತ್ತದೆ. ಅಂಕಿಗಳು ಹೇಗೆ ಏಳುತ್ತ ಬೀಳುತ್ತ ಬಂದರೂ ಒಳಗಿನ ಸಣ್ಣ ಕಣಜದಲ್ಲಿ ನಿಂತು, ಹರಳು ಹೇಳಿದಾಗ ಹೊರಡುತ್ತವೆ.

ಹರಳು ಎಲ್ಲಿರಬೇಕು ಎಂಬುದರಲ್ಲೂ ಎಂಜಿನಿಯರುಗಳಲ್ಲಿ ಭಿನ್ನಾಭಿಪ್ರಾಯವಿಲ್ಲ: ಡ್ಯಾಕ್ ಚಿಪ್ಪಿನ ಪಕ್ಕದಲ್ಲೇ, ಒಂದೆರಡು ಅಂಗುಲದೊಳಗೆ. ಸಿ.ಡಿ. ಕುಟುಂಬದ ಸಂಗೀತಕ್ಕೆ ಅಲ್ಲಿ 22.5792 ಮೆಗಾಹರ್ಟ್ಸ್‌ನ ಹರಳು ಇರುತ್ತದೆ, 44,100ರ ಸರಿಯಾಗಿ 512 ಪಟ್ಟು. 48,000ದ ಕುಟುಂಬಕ್ಕೆ 24.576 ಮೆಗಾಹರ್ಟ್ಸ್‌ನ ಇನ್ನೊಂದು. ಹೊರಗಿನಿಂದ ತರುವ ಗಡಿಯಾರ ಕೊಡುವುದಾದರೋ 10 ಮೆಗಾಹರ್ಟ್ಸ್. ಅದು ಪ್ರಯೋಗಾಲಯಗಳ ಬಳಕೆಯ ಅಂಕಿ, ಸಂಗೀತದ ಈ ಎರಡು ಅಂಕಿಗಳಲ್ಲಿ ಯಾವುದೂ ಅದರ ಪೂರ್ಣ ಗುಣಕವಲ್ಲ. ಹೀಗಾಗಿ ಆ 10 ಮೆಗಾಹರ್ಟ್ಸ್ ಒಂದು ಮೀಟರ್ ತಂತಿಯಲ್ಲಿ ಬಂದು, ಡ್ಯಾಕ್‌ನೊಳಗಿನ ಇನ್ನೊಂದು ಸರ್ಕಿಟಿನಲ್ಲಿ ಬೇಕಾದ ಅಂಕಿಗೆ ಬದಲಾಗಿ, ಆಮೇಲೆ ಚಿಪ್ಪನ್ನು ಮುಟ್ಟುತ್ತದೆ. ಆ ಬದಲಾವಣೆಯೇ ಒಂದಿಷ್ಟು ಅಲುಗಾಟವನ್ನು ಸೇರಿಸುತ್ತದೆ. ಎಷ್ಟೋ ಸಾಧನಗಳಲ್ಲಿ ಹೊರಗಡಿಯಾರ ಜೋಡಿಸಿದಾಗ ಜಿಟ್ಟರ್ ತಗ್ಗುವ ಬದಲು ಏರುತ್ತದೆ. ಮಾರುವವರು ಇದನ್ನು ಹೇಳುವುದಿಲ್ಲ, ಕೊಳ್ಳುವವರು ಕೇಳಲೇಬೇಕು.

ಹೊರಗಡಿಯಾರ ನಿಜಕ್ಕೂ ಬೇಕಾಗುವ ಜಾಗ ರೆಕಾರ್ಡಿಂಗ್ ಸ್ಟುಡಿಯೊ ಮತ್ತು ಪ್ರಸಾರ ಕೇಂದ್ರ. ಅಲ್ಲಿ ಹತ್ತಾರು ಯಂತ್ರಗಳು ಏಕಕಾಲಕ್ಕೆ ಅಂಕಿಗಳನ್ನು ಕೊಟ್ಟುತೆಗೆದುಕೊಳ್ಳುತ್ತವೆ. ಎಲ್ಲಕ್ಕೂ ಒಂದೇ ತಾಳವಿಲ್ಲದಿದ್ದರೆ ನಡುವೆ ಟಿಕ್ ಟಿಕ್ ಸದ್ದು, ಸ್ಯಾಂಪಲ್‌ಗಳ ನಷ್ಟ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1987ರಲ್ಲಿ ಶುರುವಾದ ಡಿಸಿಎಸ್ ಕಂಪನಿ ಮೊದಲು ಯುದ್ಧವಿಮಾನದ ರೇಡಾರಿಗೆ ಪರಿವರ್ತಕಗಳನ್ನು ಮಾಡಿ, ಆಮೇಲೆ ಸ್ಟುಡಿಯೊಗಳಿಗೆ, ಕೊನೆಗೆ ಮನೆಗಳಿಗೆ ಬಂತು. ಅದರ ವಿವಾಲ್ಡಿ ಸರಣಿಯಲ್ಲಿ ಡಿಸ್ಕ್ ಓದುವ ಪೆಟ್ಟಿಗೆ, ಸ್ಯಾಂಪಲ್ ಸಂಖ್ಯೆ ಏರಿಸುವ ಅಪ್‌ಸ್ಯಾಂಪ್ಲರ್, ಡ್ಯಾಕ್ ಮೂರೂ ಬೇರೆ ಬೇರೆ. ಮೂರನ್ನೂ ಒಂದೇ ಲಯದಲ್ಲಿಡಲು ನಾಲ್ಕನೆಯದಾಗಿ ಗಡಿಯಾರ. ಆ ರಚನೆಯಲ್ಲಿ ಅದಕ್ಕೆ ತರ್ಕವಿದೆ. ಒಂದು ಲ್ಯಾಪ್‌ಟಾಪು, ಒಂದು ಡ್ಯಾಕ್ ಇರುವ ಮನೆಗೆ ಆ ತರ್ಕ ಹೊಂದುವುದಿಲ್ಲ.

ಬಟ್ಟೆ ಮುಚ್ಚಿ ಕೇಳಿದಾಗ

‘ಆದರೆ ನನಗೆ ವ್ಯತ್ಯಾಸ ಕೇಳಿಸುತ್ತದಲ್ಲ’ ಎನ್ನುವವರನ್ನು ನಾನು ಸುಳ್ಳುಗಾರರೆನ್ನುವುದಿಲ್ಲ. ಡ್ಯಾಕ್‌ಗಳ ನಡುವೆ ಕೇಳಿಸುವ ವ್ಯತ್ಯಾಸಗಳು ಉಂಟು. ಅವುಗಳಲ್ಲಿ ಮುಖ್ಯವಾದದ್ದು ಬರೀ ಗಟ್ಟಿತನ.

ವೀಣೆ ನುಡಿಸುವ ಗೆಳೆಯರೊಬ್ಬರು ಯಲಹಂಕ ನ್ಯೂಟೌನಿನಲ್ಲಿದ್ದಾರೆ. ತಮ್ಮ ಹಳೆಯ ಡ್ಯಾಕ್‌ನ ಪಕ್ಕ, ಅದರ ಇಪ್ಪತ್ತು ಪಟ್ಟು ಬೆಲೆಯ ಒಂದನ್ನು ತಂದಿಟ್ಟುಕೊಂಡು, ದೊರೆಸ್ವಾಮಿ ಅಯ್ಯಂಗಾರರ ವೀಣೆ ಹಾಕಿ ನಮ್ಮನ್ನೆಲ್ಲ ಕೂರಿಸಿ ಕೇಳಿಸಿದರು. ಹೊಸದರಲ್ಲಿ ಮೀಟು ಹೆಚ್ಚು ಸ್ಪಷ್ಟ, ತಂತಿಯ ನಾದ ಹೆಚ್ಚು ತುಂಬು ಎಂದು ಕೋಣೆಯಲ್ಲಿದ್ದವರೆಲ್ಲ ಒಪ್ಪಿದರು. ಆಮೇಲೆ 200 ಹರ್ಟ್ಸ್‌ನ ಒಂದೇ ನಾದ ನುಡಿಸಿ, ಸ್ಪೀಕರ್ ತಂತಿಗೆ ಸಾಧಾರಣ ಮಲ್ಟಿಮೀಟರ್ ಹಿಡಿದೆವು. ಹಳೆಯದರಲ್ಲಿ 2.00 ವೋಲ್ಟ್, ಹೊಸದರಲ್ಲಿ 2.24. ಹೆಚ್ಚು ಕಡಿಮೆ ಒಂದು ಡೆಸಿಬೆಲ್ ವ್ಯತ್ಯಾಸ. ಒಂದು ಡೆಸಿಬೆಲ್ ಕಿವಿಗೆ ‘ಗಟ್ಟಿಯಾಯಿತು’ ಎಂದು ತೋರುವುದಿಲ್ಲ, ‘ಚೆನ್ನಾಯಿತು’ ಎಂದು ತೋರುತ್ತದೆ. ಎರಡನ್ನೂ 2.00ಕ್ಕೆ ಸರಿ ಮಾಡಿ, ಮೇಲೊಂದು ಪಂಚೆ ಹೊದಿಸಿ, ಹಿಂದೆ ಅವರ ಮಗಳನ್ನು ನಿಲ್ಲಿಸಿದೆವು. ಅವಳು ನಾಣ್ಯ ಚಿಮ್ಮಿ ಬಿದ್ದಂತೆ ತಂತಿ ಬದಲಿಸಿ, ಯಾವುದೆಂದು ಚೀಟಿಯಲ್ಲಿ ಬರೆದಿಟ್ಟಳು. ಗೆಳೆಯರು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಚೀಟಿಗೂ ಅವರ ಉತ್ತರಕ್ಕೂ ತಾಳೆಯಾದದ್ದು ಅರ್ಧಕ್ಕರ್ಧ. ಹೊಸ ಡ್ಯಾಕ್ ಮರಳಿ ಹೋಯಿತು.

ಇಂಥ ಪರೀಕ್ಷೆಯನ್ನು ಯಾರೂ ಮಾಡಬಹುದು. ಹದಿನಾರು ಸಲ ಕೇಳಿ, ಹನ್ನೆರಡು ಅಥವಾ ಹೆಚ್ಚು ಸಲ ಸರಿ ಹೇಳಿದರೆ ವ್ಯತ್ಯಾಸ ಕೇಳಿಸುತ್ತಿದೆ ಎನ್ನಬಹುದು. ಬರೀ ಊಹೆಯಿಂದ ಹಾಗಾಗುವ ಸಂಭವ ನೂರಕ್ಕೆ ನಾಲ್ಕಕ್ಕೂ ಕಡಿಮೆ. ಎಂಟೋ ಒಂಬತ್ತೋ ಸರಿಯಾದರೆ ಹಣ ಉಳಿಯಿತು. ದೊಡ್ಡ ಪ್ರಮಾಣದಲ್ಲೂ ಇಂಥ ಪರೀಕ್ಷೆ ನಡೆದಿದೆ, ಡ್ಯಾಕ್ ಬದಲು ಡಿಸ್ಕುಗಳ ಮೇಲೆ. 2007ರಲ್ಲಿ ಬ್ರಾಡ್ ಮೆಯರ್ ಮತ್ತು ಡೇವಿಡ್ ಮೊರಾನ್, ಸಿ.ಡಿ.ಗಿಂತ ಹೆಚ್ಚು ಮಾಹಿತಿ ಹಿಡಿಯುವ ಹೈ ರೆಸಲ್ಯೂಶನ್ ಡಿಸ್ಕುಗಳನ್ನು ನೇರವಾಗಿಯೂ, ಸಿ.ಡಿ. ಗುಣಮಟ್ಟಕ್ಕೆ ಇಳಿಸಿಯೂ ಕೇಳಿಸಿದರು. 554 ಪ್ರಯತ್ನಗಳಲ್ಲಿ 276 ಸರಿ. ಆ ಡಿಸ್ಕುಗಳಲ್ಲಿ ಕೆಲವು ಮೂಲದಲ್ಲೇ ಹೈ ರೆಸಲ್ಯೂಶನ್ ಆಗಿರಲಿಲ್ಲ ಎಂಬ ಆಕ್ಷೇಪ ಬಂತು, ಅದು ನ್ಯಾಯವಾದದ್ದೇ. 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೈಸ್ ಇಂಥ 18 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಸರಿ ಉತ್ತರ ಶೇ 52.3. ಊಹೆಗಿಂತ ತುಸು ಮೇಲೆ. ತರಬೇತಿ ಪಡೆದವರಲ್ಲಿ ಇನ್ನಷ್ಟು ಹೆಚ್ಚು. ಅಂದರೆ ಏನೋ ಒಂದು ಎಳೆ ಇದೆ, ಅದು ಬಹಳ ತೆಳು.

ಗಟ್ಟಿತನ ಸರಿಮಾಡಿದ ಮೇಲೂ ಉಳಿಯುವ ವ್ಯತ್ಯಾಸಗಳಲ್ಲಿ ಫಿಲ್ಟರ್ ಮುಖ್ಯ. ರೆಸಿಸ್ಟರುಗಳನ್ನು ಜೋಡಿಸಿದ ‘ಆರ್‌ಟುಆರ್’ ಏಣಿಯ ಡ್ಯಾಕ್‌ಗಳಲ್ಲಿ ಕೆಲವು ಡಿಜಿಟಲ್ ಫಿಲ್ಟರ್ ಇಲ್ಲದೆ ಕೆಲಸ ಮಾಡುತ್ತವೆ. ಸಿ.ಡಿ. ಹಾಕಿದಾಗ ಅವು 10,000 ಹರ್ಟ್ಸ್‌ನಲ್ಲಿ ಮುಕ್ಕಾಲು ಡೆಸಿಬೆಲ್, 20,000ದಲ್ಲಿ ಮೂರು ಡೆಸಿಬೆಲ್‌ಗೂ ಹೆಚ್ಚು ತಗ್ಗುತ್ತವೆ. ಮೇಲಿನ ಅಂಚು ಮೆತ್ತಗಾಗುತ್ತದೆ. ಘಟದ ಪೆಟ್ಟಿನ, ಖಂಜಿರದ ಗೆಜ್ಜೆಯ ಚುರುಕು ಕೊಂಚ ಇಳಿಯುತ್ತದೆ. ಅದನ್ನು ಇಷ್ಟಪಡುವುದು ರುಚಿಯ ಪ್ರಶ್ನೆ, ನನಗೂ ಅದು ಹಳೆಯ ಗಾಯನಕ್ಕೆ ಒಪ್ಪುತ್ತದೆ ಅನಿಸಿದ್ದುಂಟು. ಅದೇ ಮೆದುತನವನ್ನು ಟೋನ್ ಕಂಟ್ರೋಲ್ ತಿರುಗಿಸಿಯೂ ಪಡೆಯಬಹುದು. ಇನ್ನೊಂದು ಸಂಗತಿ ಈಗಿನ ಸಿನಿಮಾ ಹಾಡುಗಳದು. ಅವನ್ನು ಮಿತಿಯ ಅಂಚಿನವರೆಗೆ ಗಟ್ಟಿ ಮಾಡಿ ಬಿಡುಗಡೆ ಮಾಡುತ್ತಾರೆ. ಎರಡು ಸ್ಯಾಂಪಲ್‌ಗಳ ನಡುವೆ ಅಲೆ ಮಿತಿ ಮೀರಿ ಏಳುತ್ತದೆ, ಕೆಲವು ಡ್ಯಾಕ್‌ಗಳು ಅಲ್ಲಿ ತಲೆ ಕತ್ತರಿಸುತ್ತವೆ. ಡ್ಯಾಕ್‌ಗೆ ಬರುವ ಮುಂಚೆಯೇ ವಾಲ್ಯೂಮನ್ನು ಮೂರು ಡೆಸಿಬೆಲ್ ತಗ್ಗಿಸಿದರೆ ಆ ಕರಕರೆ ಬಹುಪಾಲು ಹೋಗುತ್ತದೆ. ಖರ್ಚಿಲ್ಲ.

ಗುಂಯ್ ಎನ್ನುವ ಸದ್ದು ಬರುತ್ತಿದ್ದರೆ ಡ್ಯಾಕ್ ಬದಲಿಸುವ ಮುಂಚೆ ಅರ್ತಿಂಗ್ ನೋಡಿಸಿ. ಕೇಬಲ್ ಟಿ.ವಿ. ಅಥವಾ ಡಿಶ್ ತಂತಿ ಒಂದು ಕಡೆಯಿಂದ, ಆಂಪ್ಲಿಫೈಯರ್ ಇನ್ನೊಂದು ಕಡೆಯಿಂದ ನೆಲ ಮುಟ್ಟಿದಾಗ ಹುಟ್ಟುವ ಸದ್ದು ಅದು. ಎಲೆಕ್ಟ್ರಿಷಿಯನ್ನಿಗೆ ಕೊಡುವ ಹಣದಲ್ಲಿ ಮುಗಿಯುತ್ತದೆ.

ಕೋಣೆಯೆಂಬ ದೊಡ್ಡ ವಾದ್ಯ

ದುಬಾರಿ ಡ್ಯಾಕ್‌ಗಳು 120 ಡೆಸಿಬೆಲ್‌ಗೂ ಮೀರಿದ ಶುಭ್ರತೆ ಕೊಡುತ್ತವೆ. ಬಳ್ಳಾರಿ ರಸ್ತೆಗೆ ಹತ್ತಿರವಿರುವ ಹೆಬ್ಬಾಳದ ಮನೆಯಲ್ಲಿ ಕಿಟಕಿ ಮುಚ್ಚಿ ಕೂತರೂ ಸುತ್ತಲಿನ ಸದ್ದು 40 ಡೆಸಿಬೆಲ್ ಆಸುಪಾಸು ಇರುತ್ತದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಆ ರಸ್ತೆಗೆ ರಾತ್ರಿಯೆಂಬುದೇ ಇಲ್ಲ. ಏರೊ ಇಂಡಿಯಾ ನಡೆಯುವ ಫೆಬ್ರುವರಿಯಲ್ಲಿ ಯಲಹಂಕದವರ ಪಾಡು ಹೇಳುವುದೇ ಬೇಡ. 40ರ ಮೇಲೆ ಸಿ.ಡಿ.ಯ 98 ಡೆಸಿಬೆಲ್ ಪೂರ್ತಿ ಕೇಳಬೇಕೆಂದರೆ 138 ಆಯಿತು, ಕಿವಿಗೆ ನೋವು ಕೊಡುವ ಮಟ್ಟಕ್ಕಿಂತ ಮೇಲೆ. ಗದ್ದಲದ ಕೆಳಗಿನ ಸೂಕ್ಷ್ಮವನ್ನೂ ಕಿವಿ ಒಂದಿಷ್ಟು ಹಿಡಿಯುತ್ತದೆ ನಿಜ. ಆದರೂ ಇಂಥ ಮನೆಯಲ್ಲಿ ಬಳಕೆಗೆ ಸಿಗುವುದು 60–70 ಡೆಸಿಬೆಲ್ ಮಾತ್ರ. ಸಾವಿರ ರೂಪಾಯಿ ಆಸುಪಾಸಿನ, ಬೆರಳುದ್ದದ ಆಪಲ್ ಇಯರ್‌ಫೋನ್ ಅಡಾಪ್ಟರ್‌ನೊಳಗಿನ ಡ್ಯಾಕ್ ಕೂಡ ಇದನ್ನು ಆರಾಮವಾಗಿ ಕೊಡುತ್ತದೆ.

ನಮ್ಮ ಕೋಣೆಗಳ ಸಮಸ್ಯೆ ಇನ್ನೂ ದೊಡ್ಡದು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರ: ಆರ್‌.ಟಿ. ನಗರದಲ್ಲಿ ಇಂಥ ಕೋಣೆಗಳೇ ಹೆಚ್ಚು. ಹತ್ತು ಅಡಿಯ ಎರಡು ಗೋಡೆಗಳ ನಡುವೆ 56 ಹರ್ಟ್ಸ್‌ನ ಅಲೆ ಸಿಕ್ಕಿಕೊಂಡು ಮೊರೆಯುತ್ತದೆ. ನೆಲಕ್ಕೂ ಸೂರಿಗೂ ನಡುವೆ ಅದೇ ಹತ್ತು ಅಡಿ, ಅದೇ 56 ಹರ್ಟ್ಸ್. ಎರಡೂ ಕೂಡಿ ಅಲ್ಲೊಂದು ಗುಡ್ಡ ಏಳುತ್ತದೆ. ಕೂತ ಜಾಗ ಬದಲಿಸಿದರೆ ಅಲ್ಲೊಂದು ಹಳ್ಳ. ಏರಿಳಿತ ಹತ್ತು ಹದಿನೈದು ಡೆಸಿಬೆಲ್ ಆಗುವುದು ಮಾಮೂಲು. ಗಟ್ಟಿತನ ಸರಿಮಾಡಿದ ಮೇಲೆ, ಫಿಲ್ಟರ್ ಇರುವ ಒಳ್ಳೆಯ ಎರಡು ಡ್ಯಾಕ್‌ಗಳ ನಡುವಿನ ವ್ಯತ್ಯಾಸ ಒಂದು ಡೆಸಿಬೆಲ್‌ನ ಹತ್ತನೇ ಒಂದು ಪಾಲು. ಜೊತೆಗೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್, ಬೋಳು ಗೋಡೆ. ಟೈಲ್ಸ್ ತನ್ನ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನಷ್ಟೇ ಹೀರಿ ಉಳಿದದ್ದನ್ನೆಲ್ಲ ಹಿಂದಕ್ಕೆ ಎಸೆಯುತ್ತದೆ. ಮೃದಂಗದ ಎಡಗೈ ಗುಮುಕಿ ಇಲ್ಲಿ ಬರೀ ‘ದುಂ’ ಆಗುವುದಕ್ಕೆ ಡ್ಯಾಕ್ ಕಾರಣವಲ್ಲ.

ಇದಕ್ಕೆ ಮದ್ದು ಸರಳ: ದಪ್ಪ ಜಮಖಾನೆ, ಮಡಿಕೆ ಬಿಟ್ಟ ಪರದೆ, ಒಂದು ಗೋಡೆಗೆ ಪುಸ್ತಕದ ಕಪಾಟು, ಮೂಲೆಗಳಿಗೆ ನಾಲ್ಕಂಗುಲ ದಪ್ಪದ ರಾಕ್‌ವುಲ್ ತುಂಬಿ ಬಟ್ಟೆ ಹೊದಿಸಿದ ಹಲಗೆಗಳು. ಸ್ಪೀಕರನ್ನು ಗೋಡೆಯಿಂದ ಒಂದೂವರೆ ಅಡಿ ಮುಂದೆ ತನ್ನಿ, ಕುರ್ಚಿಯನ್ನು ಹಿಂಗೋಡೆಗೆ ಒರಗಿಸಬೇಡಿ. ಬಡಗಿಯ ಕೂಲಿ ಸೇರಿಸಿದರೂ ಒಂದು ದುಬಾರಿ ಡಿಜಿಟಲ್ ಕೇಬಲ್ಲಿನ ಬೆಲೆಯೊಳಗೆ ಇದು ಮುಗಿಯುತ್ತದೆ. ಇಲ್ಲಿ ಯಾವುದಕ್ಕೂ ಪಂಚೆ ಹೊದಿಸಿ ಪರೀಕ್ಷಿಸುವ ಅಗತ್ಯವೇ ಬೀಳುವುದಿಲ್ಲ, ಮೊದಲ ಕೀರ್ತನೆಯಲ್ಲೇ ಗೊತ್ತಾಗುತ್ತದೆ.

ಹೀಗಂದಮಾತ್ರಕ್ಕೆ ದುಬಾರಿ ಡ್ಯಾಕ್ ಕೊಂಡವರು ಮೋಸಹೋದರೆಂದಲ್ಲ. ಗಟ್ಟಿಮುಟ್ಟಾದ ರಚನೆ, ನಯವಾದ ವಾಲ್ಯೂಮ್ ಗುಂಡಿ, ಹತ್ತು ವರ್ಷವಾದ ಮೇಲೂ ರಿಪೇರಿ ಮಾಡಿಕೊಡುವ ಕಂಪನಿ, ಇವಕ್ಕೆ ಬೆಲೆಯಿದೆ. ಏಪ್ರಿಲ್–ಮೇ ತಿಂಗಳ ಗುಡುಗುಮಳೆಗೆ ಬೋರ್ಡು ಸುಟ್ಟಾಗ ಊರಿನಲ್ಲೇ ಸರಿ ಮಾಡುವವರಿದ್ದಾರೆಯೇ ಎಂಬುದು, ನನ್ನ ಪ್ರಕಾರ, ಯಾವ ಜಿಟ್ಟರ್ ಅಂಕಿಗಿಂತಲೂ ದೊಡ್ಡ ಪ್ರಶ್ನೆ. ಆದರೆ ಒಂದೇ ಡ್ಯಾಕ್ ಇರುವ ಮನೆಗೆ ಹೊರಗಡಿಯಾರ ಬೇಡ. ಈ ಮಾತನ್ನು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ.

ನಾವು ಕೇಳುವ ಸಂಗೀತದ ಮೂಲವನ್ನೂ ನೆನೆಯಬೇಕು. ಮಲ್ಲಿಕಾರ್ಜುನ ಮನ್ಸೂರರ, ಗಂಗೂಬಾಯಿ ಹಾನಗಲ್ಲರ ಧ್ವನಿಮುದ್ರಣಗಳಲ್ಲಿ ಬಹುಪಾಲು ಟೇಪಿನ ಮೇಲೆ ಆದವು. ಒಳ್ಳೆಯ ಸ್ಟುಡಿಯೊ ಟೇಪ್ ಯಂತ್ರದ ವೇಗವೂ ಶೇ 0.05ರಷ್ಟು ಅಲುಗುತ್ತದೆ, ಮನೆಯ ಕ್ಯಾಸೆಟ್ ಡೆಕ್ ಶೇ 0.1ರಿಂದ 0.2. ನಾವು ಮೇಲೆ ಲೆಕ್ಕಕ್ಕೆ ಹಿಡಿದ ಸಾಧಾರಣ ಹರಳಿನ ತಪ್ಪು ಶೇ 0.005. ಟೇಪಿನೊಳಗೇ ಕೂತಿರುವ ಅಲುಗಾಟವನ್ನು ಯಾವ ರುಬಿಡಿಯಂ ಗಡಿಯಾರವೂ ತೆಗೆಯಲಾರದು. ಅಷ್ಟೆಲ್ಲ ಅಲುಗಾಟದ ನಡುವೆಯೂ ಆ ಗಾಯನ ನಮ್ಮನ್ನು ಅಲ್ಲಾಡಿಸುತ್ತದೆ.

ಪರಿವರ್ತಕದ ಗುಣಮಟ್ಟ ನಿಜವಾಗಿ ಲೆಕ್ಕಕ್ಕೆ ಬರುವ ಜಾಗ ಒಂದಿದೆ: ಟೇಪಿನಿಂದ ಡಿಜಿಟಲ್‌ಗೆ ಏರಿಸುವಾಗ. ಕೇಳುವಾಗ ಆದ ದೋಷ ಆ ಸಂಜೆಗೆ ಮುಗಿಯಿತು, ಏರಿಸುವಾಗ ಆದದ್ದು ಶಾಶ್ವತ. ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಕಚೇರಿಗಳು 1939ರಿಂದ ನಡೆದುಬಂದಿವೆ. ಮಲ್ಲೇಶ್ವರದ, ಯಶವಂತಪುರದ, ಆರ್‌.ಟಿ. ನಗರದ ಎಷ್ಟೋ ಮನೆಗಳ ಅಟ್ಟದಲ್ಲಿ ಅಂಥ ಕಚೇರಿಗಳ, ಮದುವೆಮನೆಯ ಗಾಯನಗಳ, ಭಜನೆಯ, ಅಜ್ಜಿಯ ಹಾಡುಗಳ ಕ್ಯಾಸೆಟ್ಟು, ಸ್ಪೂಲ್ ಟೇಪುಗಳಿವೆ. ಟೇಪಿನ ಲೇಪ ಬೆಂಗಳೂರಿನ ತೇವಕ್ಕೆ ವರ್ಷವರ್ಷವೂ ಸಡಿಲವಾಗುತ್ತಿದೆ. ಅದನ್ನು ನುಡಿಸುವ ಡೆಕ್‌ಗಳನ್ನು ರಿಪೇರಿ ಮಾಡಬಲ್ಲವರೂ ಕಡಿಮೆಯಾಗುತ್ತಿದ್ದಾರೆ.

ದೊಡ್ಡ ಡ್ಯಾಕ್‌ಗೆಂದು ಎತ್ತಿಟ್ಟ ಹಣದ ಒಂದು ಪಾಲನ್ನು ಈ ಕೆಲಸಕ್ಕೆ ತೆಗೆಯಿರಿ. ಒಳ್ಳೆಯ ಹಳೆಯ ಡೆಕ್ ಒಂದನ್ನು ಬೆಲ್ಟ್ ಬದಲಿಸಿ ಸಜ್ಜು ಮಾಡಿಸಿ. ಸ್ಟುಡಿಯೊಗಳು ಬಳಸುವ ಹದಿನೈದು ಇಪ್ಪತ್ತು ಸಾವಿರ ರೂಪಾಯಿಯ ಆಡಿಯೊ ಇಂಟರ್‌ಫೇಸ್ ಸಾಕು. 24 ಬಿಟ್, 96,000 ಸ್ಯಾಂಪಲ್ ಇಡಿ. ಪ್ರತಿ ಕ್ಯಾಸೆಟ್ಟಿಗೂ ಡೆಕ್‌ನ ಹೆಡ್ ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ, ತಂಬೂರಿಯ ಮೇಲಿನ ಸ್ವರಗಳು ಅತ್ಯಂತ ಕಾಂತಿಯಿಂದ ಕೇಳಿಸುವ ಜಾಗದಲ್ಲಿ ನಿಲ್ಲಿಸಿ. ಇದೊಂದು ಹೆಜ್ಜೆ ಕೊಡುವ ಲಾಭವನ್ನು ಯಾವ ಡ್ಯಾಕ್ ಕೂಡ ಕೊಡುವುದಿಲ್ಲ. ಮಟ್ಟ ತೀರಾ ಏರಿಸಬೇಡಿ, 12 ಡೆಸಿಬೆಲ್ ಜಾಗ ಬಿಡಿ. ಟೇಪಿನ ಸುಯ್ ಸದ್ದನ್ನು ಮೂಲ ಪ್ರತಿಯಲ್ಲಿ ತೆಗೆಯಲು ಹೋಗಬೇಡಿ; ಅದರ ಜೊತೆ ಗಾಯಕರ ಉಸಿರೂ ಹೋಗುತ್ತದೆ. ಹಾಡಿದವರು, ಪಕ್ಕವಾದ್ಯದವರು, ಊರು, ವರ್ಷ ಗೊತ್ತಿದ್ದಷ್ಟನ್ನು ಫೈಲಿನ ಹೆಸರಿನಲ್ಲೇ ಬರೆಯಿರಿ. ಎರಡು ಪ್ರತಿ ಮಾಡಿ ಎರಡು ಮನೆಗಳಲ್ಲಿಡಿ. ಮುಂದಿನ ಮಳೆಗಾಲಕ್ಕೆ ಮುಂಚೆಯೇ ಶುರುಮಾಡಿ.